ಷೇಕ್ ಅಂದರೆ ಅಲುಗಾಟ ಅಲ್ಲ

ಪ್ರಶ್ನೆ: ಹಳೇ ಜಾಝ್ ರೆಕಾರ್ಡೊಂದರ ಮೇಲೆ ಷೇಕ್ ಕೀನ್ ಅಂತ ಹೆಸರು ನೋಡಿದೆ. ಕೆರಿಬಿಯನ್ ಕಡೆಯವರು, ಟ್ರಂಪೆಟ್ ನುಡಿಸುತ್ತಿದ್ದರಂತೆ. ಸ್ವರ ಅಲುಗಾಡಿಸುತ್ತಿದ್ದರು ಅಂತ ಆ ಹೆಸರಾ? ಲಂಡನ್‌ನಲ್ಲಿ ಹೆಸರು ಮಾಡಿದ ಮೇಲೆ ಜರ್ಮನಿಗೆ ಯಾಕೆ ಹೋದರು?
— ಓದುಗರೊಬ್ಬರು, ಧಾರವಾಡ

ಉತ್ತರ: ಅಲುಗಾಟಕ್ಕೂ ಆ ಹೆಸರಿಗೂ ಸಂಬಂಧವೇ ಇಲ್ಲ. ಅದು ಷೇಕ್ಸ್‌ಪಿಯರ್‌ನ ಅರ್ಧ ತುಂಡು! ಹುಡುಗನಿಗೆ ಸಾಹಿತ್ಯದ ಹುಚ್ಚು ಅಂತ ಗೆಳೆಯರು ಇಟ್ಟ ಅಡ್ಡಹೆಸರು, ಅದೇ ಉಳಿದುಬಿಟ್ಟಿತು. ನಿಜವಾದ ಹೆಸರು ಎಲ್ಸ್‌ವರ್ತ್ ಕೀನ್. ಹುಟ್ಟಿದ್ದು 1927ರಲ್ಲಿ, ಸೇಂಟ್ ವಿನ್ಸೆಂಟ್ ಅನ್ನೋ ಪುಟ್ಟ ದ್ವೀಪದಲ್ಲಿ. ಟ್ರಂಪೆಟ್ ಕಲಿಸಿದ್ದು ಅಪ್ಪ.

1952ರಲ್ಲಿ ಲಂಡನ್‌ಗೆ ಹೋದರು. ಬಿಬಿಸಿಯ ಕೆರಿಬಿಯನ್ ಕಾರ್ಯಕ್ರಮದಲ್ಲಿ ಕವಿತೆ ಓದೋದು, ರಾತ್ರಿ ಕ್ಲಬ್ಬುಗಳಲ್ಲಿ ಟ್ರಂಪೆಟ್, ಎರಡೂ ಒಟ್ಟೊಟ್ಟಿಗೆ ನಡೆಯಿತು. ಆಮೇಲೆ ಜಮೈಕಾದ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಅವರ ಐದು ಜನರ ತಂಡ ಸೇರಿದರು. 1960ರ ಹೊತ್ತಿಗೆ ಆ ಐದು ಜನ ಒಂದು ಸಾಹಸ ಮಾಡಿದರು. ಇಂಥ ಸ್ವರಮೇಳ, ಇಷ್ಟೇ ಆವರ್ತ ಅಂತ ಮೊದಲೇ ಕಟ್ಟಿಕೊಳ್ಳದೆ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಅಲ್ಲಲ್ಲೇ ಸಂಗೀತ ಹುಟ್ಟಿಸೋದು. ಆ ತಂಡದ 'ಫ್ರೀ ಫಾರ್ಮ್' ಆಲ್ಬಮ್ ಕೇಳಿ ನೋಡಿ, ಸ್ಯಾಕ್ಸ್ ಒಂದು ಮಾತು ಎತ್ತಿದರೆ ಕೀನ್ ಅದಕ್ಕೆ ಹೂಂಗುಟ್ಟೋದೂ ಉಂಟು, ಅಡ್ಡ ಬಾಯಿ ಹಾಕೋದೂ ಉಂಟು.

ಇನ್ನು ಜರ್ಮನಿ. ಹೊಸ ಪ್ರಯೋಗ ಮಾಡೋ ಜಾಝ್‌ನಲ್ಲಿ ಹೆಸರು ಬರುತ್ತೆ, ಸಂಸಾರ ನಡೆಯೋದು ಕಷ್ಟ ಅಲ್ವಾ? ಕಲೋನ್‌ನಲ್ಲಿ ಕುರ್ಟ್ ಎಡೆಲ್‌ಹಾಗನ್ ಅವರ ರೇಡಿಯೊ ಆರ್ಕೆಸ್ಟ್ರಾ ಇತ್ತು. ರೇಡಿಯೊ ಆರ್ಕೆಸ್ಟ್ರಾ ಅಂದರೆ ಖಾಯಂ ಕೆಲಸ, ಯಾವ ಕ್ಲಬ್ ಯಾವಾಗ ಕರೆಯುತ್ತೋ ಅಂತ ಕಾಯಬೇಕಿಲ್ಲ. ಅರವತ್ತರ ದಶಕದ ಮಧ್ಯದಲ್ಲಿ ಅಲ್ಲಿಗೆ ಹೋದರು. ರಾಜಿ ಮಾಡಿಕೊಂಡರು ಅನ್ನೋರು ಇದ್ದಾರೆ, ನನಗಂತೂ ಹಾಗನ್ನಿಸಲ್ಲ. ಕ್ಲಾರ್ಕ್-ಬೋಲಂಡ್ ಬಿಗ್ ಬ್ಯಾಂಡಿನಲ್ಲೂ ನುಡಿಸಿದರು, ಅದೇನು ಸಾಧಾರಣ ಬ್ಯಾಂಡಲ್ಲ.

1972ರಲ್ಲಿ ಊರಿಗೆ ವಾಪಸ್, ಸರ್ಕಾರದ ಸಂಸ್ಕೃತಿ ಇಲಾಖೆಗೆ ನಿರ್ದೇಶಕರಾಗಿ. ಆ ಹುದ್ದೆ ಜಾಸ್ತಿ ದಿನ ಉಳಿಯಲಿಲ್ಲ, ಮೇಷ್ಟ್ರಾದರು. ತಮಾಷೆ ನೋಡಿ, ಟ್ರಂಪೆಟ್ ಹಿಂದೆ ಸರಿದ ಆ ವರ್ಷಗಳಲ್ಲೇ ಕವಿತೆ ಗೆದ್ದಿತು: 1979ರಲ್ಲಿ ಕ್ಯೂಬಾದ ಕಾಸಾ ಡೆ ಲಾಸ್ ಅಮೆರಿಕಾಸ್ ಪ್ರಶಸ್ತಿ. ಮುಂದೆ ನ್ಯೂಯಾರ್ಕ್. 1989ರಲ್ಲಿ ಹಳೇ ಜೊತೆಗಾರರು ಹ್ಯಾರಿಯಟ್ ನೆನಪಿಗೆ ಬ್ರಿಟನ್‌ನಲ್ಲಿ ಪ್ರವಾಸ ಹೊರಟಾಗ ಮತ್ತೆ ಜೊತೆಗೂಡಿದರು. ತೀರಿಕೊಂಡಿದ್ದು 1997ರಲ್ಲಿ, ನಾರ್ವೆಯಲ್ಲಿ.

ಪ್ರಶ್ನೆ: ಕೀನ್ ಹೆಸರಿನ ಪಕ್ಕ 'ಫ್ಲೂಗಲ್‌ಹಾರ್ನ್' ಅಂತಲೂ ಇರುತ್ತೆ. ಅದು ನಮ್ಮ ಮದುವೆ ಬ್ಯಾಂಡ್‌ಸೆಟ್‌ನ ಟ್ರಂಪೆಟ್ಟೇ ಅಲ್ವಾ?
— ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಅಣ್ಣತಮ್ಮ ಅನ್ನಿ. ಒತ್ತುವ ಗುಂಡಿ ಇದಕ್ಕೂ ಸಾಮಾನ್ಯವಾಗಿ ಮೂರೇ, ಬೆರಳಾಟವೂ ಅದೇ, ಹಾಗಾಗಿ ವಾದಕರು ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಆದರೆ ಇದರ ಕೊಳವೆ ಹೋಗ್ತಾ ಹೋಗ್ತಾ ಅಗಲ ಆಗುತ್ತೆ. ಹಾಗಾಗಿ ಟ್ರಂಪೆಟ್‌ನ ಚುರುಕು, ಚೂಪು ಇಲ್ಲ, ಕಂಬಳಿ ಹೊದ್ದು ಮಾತಾಡಿದ ಹಾಗೆ ಮೆತ್ತಗಿರುತ್ತೆ.