ಬ್ಯಾಂಕ್ ‘ಸರಿ’ ಅಂದಿತ್ತು, ಆಮೇಲೆ ದುಡ್ಡು ವಾಪಸ್ ಹೋಯಿತು

ಪ್ರಶ್ನೆ: ನಾನು ಚರ್ಮದ ಚೀಲಗಳನ್ನು ಕೈಯಲ್ಲೇ ಹೊಲಿದು ಸ್ವಂತ ವೆಬ್‌ಸೈಟಿನಲ್ಲಿ ಮಾರುತ್ತೇನೆ. ಕೆಲಸಕ್ಕೆ ನಾನು ಮತ್ತು ನನ್ನ ತಂಗಿ, ಇಬ್ಬರೇ. ಮೂರು ತಿಂಗಳ ಹಿಂದೆ ಒಂದೇ ವಾರದಲ್ಲಿ ನಾಲ್ಕು ದುಬಾರಿ ಚೀಲಗಳಿಗೆ ಆರ್ಡರ್ ಬಂತು. ಎಲ್ಲವೂ ಕ್ರೆಡಿಟ್ ಕಾರ್ಡ್ ಪೇಮೆಂಟ್. ಬ್ಯಾಂಕಿನ ಒಪ್ಪಿಗೆಯೂ ಸಿಕ್ಕಿತ್ತು. ರಾತ್ರಿ ಕೂತು ಪ್ಯಾಕ್ ಮಾಡಿ ಕಳಿಸಿದೆವು. ಈಗ ನಾಲ್ಕೂ ಚಾರ್ಜ್‌ಬ್ಯಾಕ್ ಆಗಿವೆ, ಅಂದರೆ ಕಾರ್ಡಿನ ಮಾಲೀಕರ ದೂರಿನ ಮೇಲೆ ಬ್ಯಾಂಕ್ ದುಡ್ಡನ್ನು ನಮ್ಮಿಂದ ವಾಪಸ್ ತಗೊಂಡಿದೆ. ಕದ್ದ ಕಾರ್ಡ್ ಅಂತೆ. ದುಡ್ಡೂ ಹೋಯಿತು, ಚೀಲವೂ ಹೋಯಿತು. ಗೇಟ್‌ವೇಯವರು (ಸೈಟಿನಲ್ಲಿ ಕಾರ್ಡ್ ಪೇಮೆಂಟ್ ವಸೂಲಿ ಮಾಡಿಕೊಡುವ ಕಂಪನಿ) ಮೇಲಿಂದ ಶುಲ್ಕ ಬೇರೆ ಹಿಡಿದುಕೊಂಡಿದ್ದಾರೆ. ಚೀಲ ತಲುಪಿದ ಒಂದು ಕಡೆಗೆ ಫೋನ್ ಮಾಡಿದರೆ, ‘ನಾನು ಇನ್ನೊಂದು ಸೈಟಿನಲ್ಲಿ ದುಡ್ಡು ಕೊಟ್ಟೇ ತಗೊಂಡಿದ್ದು’ ಎಂದು ಅವರು ನನ್ನ ಮೇಲೇ ರೇಗಿದರು. ಬ್ಯಾಂಕೇ ಸರಿ ಎಂದ ಮೇಲೆ ನಾನು ಯಾಕೆ ದಂಡ ಕಟ್ಟಬೇಕು?

ಉತ್ತರ: ಮೊದಲು ಆ ‘ಸರಿ’ಯ ಅರ್ಥ ನೋಡೋಣ. ಎಲ್ಲರೂ ಎಡವುವುದು ಅಲ್ಲೇ.

ಬ್ಯಾಂಕ್ ಒಪ್ಪಿಗೆ ಕೊಟ್ಟಿತು ಅಂದರೆ ಇಷ್ಟೇ: ಆ ಕಾರ್ಡ್ ಚಾಲ್ತಿಯಲ್ಲಿದೆ, ಅದರಲ್ಲಿ ಅಷ್ಟು ಮೊತ್ತಕ್ಕೆ ಜಾಗವಿದೆ, ಕಳೆದುಹೋಗಿದೆ ಎಂದು ಯಾರೂ ಇನ್ನೂ ದೂರು ಕೊಟ್ಟಿಲ್ಲ. ನಂಬರ್ ಒತ್ತಿದ ಕೈ ಯಾರದು ಎಂದು ಅದು ಹೇಳುವುದಿಲ್ಲ. ಕಾರ್ಡಿನ ನಿಜವಾದ ಮಾಲೀಕರು ತಿಂಗಳ ಬಿಲ್ ನೋಡಿ ‘ಇದು ನಾನು ಮಾಡಿದ ಖರ್ಚಲ್ಲ’ ಎಂದಾಗ ಮಾತ್ರ ವಿಷಯ ಬಯಲಾಗುತ್ತದೆ. ಹಾಗೆ ಹೇಳಲು ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಸಾಮಾನ್ಯವಾಗಿ 120 ದಿನ ಅವಕಾಶವಿದೆ. ಅಲ್ಲಿಯವರೆಗೆ ನಿಮ್ಮ ಖಾತೆಯಲ್ಲಿರುವ ದುಡ್ಡನ್ನು ಕೈಗಡ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಇನ್ನು ನಷ್ಟ ನಿಮ್ಮ ತಲೆಗೇ ಬಂದದ್ದು ಯಾಕೆ? ಗ್ರಾಹಕರನ್ನು ಕಾಪಾಡುವ ಕಾನೂನು ಹಳೆಯದು. ಅಮೆರಿಕದಲ್ಲಿ 1974ರಲ್ಲಿ ಬಂದ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆ್ಯಕ್ಟ್ ಬಿಲ್ಲಿನ ತಪ್ಪುಗಳ ಬಗ್ಗೆ ತಕರಾರು ಎತ್ತುವ ಹಕ್ಕನ್ನು ಕಾರ್ಡ್‌ದಾರರಿಗೆ ಕೊಟ್ಟಿತು. ಅಲ್ಲಿನ ಕಾನೂನಿನ ಪ್ರಕಾರ ಕದ್ದ ಕ್ರೆಡಿಟ್ ಕಾರ್ಡಿನ ಖರ್ಚಿಗೆ ಮಾಲೀಕರು ಹೆಚ್ಚೆಂದರೆ 50 ಡಾಲರ್ ಹೊರಬೇಕು, ಅಷ್ಟೇ. ಆಮೇಲೆ ಕಾರ್ಡ್ ಕಂಪನಿಗಳೇ ಅದನ್ನೂ ಬಿಟ್ಟುಕೊಟ್ಟವು. ಒಳ್ಳೆಯದೇ. ಆದರೆ ಉಳಿದ ನಷ್ಟ ಯಾರಾದರೂ ಹೊರಲೇಬೇಕಲ್ವಾ? ಅಂಗಡಿಯಲ್ಲಿ ಚಿಪ್ ಇರುವ ಕಾರ್ಡನ್ನು ಮಷಿನ್‌ಗೆ ಹಾಕಿ ವ್ಯಾಪಾರ ಆದರೆ, ವಂಚನೆಯ ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ಕಾರ್ಡ್ ಕಣ್ಣೆದುರಿಗೆ ಇಲ್ಲದ ಆನ್‌ಲೈನ್ ವ್ಯಾಪಾರದಲ್ಲಿ ಅದು ಮಾರಿದವರದು.

ಕಳ್ಳರಿಗೂ ಈ ವ್ಯತ್ಯಾಸ ಗೊತ್ತು. 2015ರ ಅಕ್ಟೋಬರ್‌ನಿಂದ ಅಮೆರಿಕದಲ್ಲಿ ಚಿಪ್ ಮಷಿನ್ ಇಲ್ಲದ ಅಂಗಡಿಗಳೇ ನಕಲಿ ಕಾರ್ಡಿನ ನಷ್ಟ ಹೊರಬೇಕು ಎಂಬ ನಿಯಮ ಬಂತು. ಅಂಗಡಿಗಳೆಲ್ಲ ಒಂದೊಂದಾಗಿ ಮಷಿನ್ ಬದಲಾಯಿಸಿದವು. ನಕಲಿ ಕಾರ್ಡ್ ಹಿಡಿದು ಅಂಗಡಿಗೆ ಹೋಗುವುದು ಕಷ್ಟವಾಯಿತು. ಕಳ್ಳತನ ಕೀಬೋರ್ಡಿಗೆ ಸರಿಯಿತು.

ಈಗ ನಿಮಗೆ ಫೋನಿನಲ್ಲಿ ರೇಗಿದ ಆ ವ್ಯಕ್ತಿಯ ವಿಷಯ. ದಯವಿಟ್ಟು ಅವರನ್ನು ಕಳ್ಳ ಎಂದುಕೊಳ್ಳಬೇಡಿ. ಬಹುಶಃ ಅವರು ಹೇಳಿದ್ದು ನಿಜ. ಈ ಆಟದಲ್ಲಿ ಮೂರು ಮೂಲೆಗಳಿವೆ. ಕಳ್ಳ ಯಾವುದೋ ಮಾರುಕಟ್ಟೆ ಸೈಟಿನಲ್ಲಿ ನಿಮ್ಮದೇ ಚೀಲದ ಫೋಟೋ ಹಾಕಿ, ನಿಮಗಿಂತ ಕಡಿಮೆ ಬೆಲೆಗೆ ಮಾರಾಟಕ್ಕಿಡುತ್ತಾನೆ. ಪಾಪ, ಯಾರೋ ಕೊಳ್ಳುತ್ತಾರೆ. ಅವರ ದುಡ್ಡು ಕಳ್ಳನ ಜೇಬಿಗೆ. ಅವನು ಕದ್ದ ಕಾರ್ಡ್ ನಂಬರಿನಿಂದ ನಿಮ್ಮ ಸೈಟಿನಲ್ಲಿ ಅದೇ ಚೀಲ ಆರ್ಡರ್ ಮಾಡಿ, ಆ ಖರೀದಿದಾರರ ವಿಳಾಸ ಕೊಡುತ್ತಾನೆ. ಅವರಿಗೆ ಒಳ್ಳೆಯ ಚೀಲ ಸಿಕ್ಕಿತು. ಕಳ್ಳ ಚೀಲವನ್ನು ಕಣ್ಣಲ್ಲೂ ನೋಡದೆ ನಗದು ಮಾಡಿಕೊಂಡ. ಹೆಸರು, ವಿಳಾಸ, ಫೋನ್ ಎಲ್ಲ ನಿಜವಾಗಿರುವುದರಿಂದ ನಿಮಗೆ ಅನುಮಾನವೇ ಬರಲಿಲ್ಲ. ಇಷ್ಟು ಬುದ್ಧಿಯನ್ನು ನೆಟ್ಟಗೆ ವ್ಯಾಪಾರಕ್ಕೆ ಹಾಕಿದ್ದರೆ ಆಸಾಮಿ ಎಲ್ಲೋ ಇರುತ್ತಿದ್ದ, ಅದು ಬೇರೆ ಮಾತು. ಅವರನ್ನೇ ಮತ್ತೊಮ್ಮೆ ಸಮಾಧಾನವಾಗಿ ಮಾತಾಡಿಸಿ, ಯಾವ ಸೈಟಿನಲ್ಲಿ, ಯಾರ ಹತ್ತಿರ ಕೊಂಡದ್ದು ಎಂದು ಕೇಳಿ. ಆ ಖಾತೆಯನ್ನು ಮುಚ್ಚಿಸುವುದಕ್ಕೆ ನಿಮ್ಮ ಕೈಯಲ್ಲಿರುವ ಸುಳಿವು ಅದೊಂದೇ.

ಲೆಕ್ಕವನ್ನೂ ಒಮ್ಮೆ ಬರೆದು ನೋಡಿ. ಒಂದು ಚೀಲದ ಬೆಲೆ 100 ಎಂದಿಟ್ಟುಕೊಳ್ಳಿ. ಚರ್ಮ, ಕೂಲಿ, ಪ್ಯಾಕಿಂಗ್, ಕೊರಿಯರ್, ಗೇಟ್‌ವೇ ಕಮಿಷನ್ ಎಲ್ಲ ಸೇರಿ 80. ಉಳಿಯುವುದು 20. ಚಾರ್ಜ್‌ಬ್ಯಾಕ್ ಆದಾಗ ಬಂದ 100 ಪೂರ್ತಿ ವಾಪಸ್. ಖರ್ಚು ಮಾಡಿದ 80 ಹೋದದ್ದೇ. ಗಾಯದ ಮೇಲೆ ಬರೆ ಎಂಬಂತೆ ಚಾರ್ಜ್‌ಬ್ಯಾಕ್ ಶುಲ್ಕ 15 ಎಂದುಕೊಂಡರೆ ಒಟ್ಟು 95. ಈ ಗುಂಡಿ ಮುಚ್ಚಲು ಹತ್ತಿರ ಹತ್ತಿರ ಐದು ಚೀಲ ಲಾಭವಿಲ್ಲದೆ ಹೊಲಿಯಬೇಕು. ನಿಮಗೆ ಅಂಥವು ನಾಲ್ಕು. ದೊಡ್ಡ ಕಂಪನಿಗೆ ಇದು ವರ್ಷದ ಖರ್ಚಿನ ಒಂದು ಸಾಲು. ನಿಮಗಿದು ಇಬ್ಬರ ಎಷ್ಟೋ ರಾತ್ರಿಗಳ ದುಡಿಮೆ.

ಲೆಕ್ಕದ ಪುಸ್ತಕದಲ್ಲಿ ಕಾಣದ ಇನ್ನೊಂದು ಅಪಾಯ ಇದೆ. ನೂರು ವ್ಯಾಪಾರಕ್ಕೆ ಒಂದು ಚಾರ್ಜ್‌ಬ್ಯಾಕ್ ಎಂಬ ಮಟ್ಟಕ್ಕೆ ಬಂದರೆ ಗೇಟ್‌ವೇಗಳು ಹುಬ್ಬೇರಿಸುತ್ತವೆ. ನಿಮ್ಮ ದುಡ್ಡನ್ನು ತಿಂಗಳುಗಟ್ಟಲೆ ತಡೆಹಿಡಿಯಬಹುದು, ಖಾತೆಯನ್ನೇ ಮುಚ್ಚಬಹುದು. ಹಾಗೆ ಮುಚ್ಚಿದ ವ್ಯಾಪಾರಿಗಳ ಪಟ್ಟಿಯೊಂದನ್ನು ಮಾಸ್ಟರ್‌ಕಾರ್ಡ್ ಇಟ್ಟಿದೆ, ಹೆಸರು ಮ್ಯಾಚ್. ಒಮ್ಮೆ ಅದರಲ್ಲಿ ಬಿದ್ದರೆ ಐದು ವರ್ಷ ಇರುತ್ತೀರಿ. ಬೇರೆ ಕಡೆ ಕಾರ್ಡ್ ಪೇಮೆಂಟ್ ಸೌಲಭ್ಯ ಸಿಗುವುದು ತುಂಬಾ ಕಷ್ಟ. ಹಾಗಾಗಿ ಗೇಟ್‌ವೇಯಿಂದ ಬರುವ ಮೇಲ್‌ಗಳನ್ನು ಸುಮ್ನೆ ಪಕ್ಕಕ್ಕೆ ತಳ್ಳಬೇಡಿ.

ಮುಂದೆ ಏನು ಮಾಡಬೇಕು? ನನ್ನ ಕೇಳಿದರೆ ಮೊದಲ ಕೆಲಸ 3ಡಿ ಸೆಕ್ಯೂರ್ ಚಾಲೂ ಮಾಡುವುದು. ಪೇಮೆಂಟ್ ಹೊತ್ತಿಗೆ ಓಟಿಪಿ ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿ ಒಪ್ಪಿಗೆ ಕೇಳುತ್ತದಲ್ಲ, ಅದೇ. ವೀಸಾ ಇದನ್ನು 2001ರ ಸುಮಾರಿಗೆ ಶುರು ಮಾಡಿತು, ಉಳಿದವರೂ ಹಿಂದೆ ಬಂದರು. ಕೆಲವು ದೇಶಗಳಲ್ಲಿ ಈ ಎರಡನೇ ಪರೀಕ್ಷೆ ಕಡ್ಡಾಯ, ಕೆಲವು ಕಡೆ ಮಾರುವವರ ಇಷ್ಟ. ಇದರಲ್ಲಿ ಪಾಸಾದ ವ್ಯವಹಾರ ಆಮೇಲೆ ಕದ್ದ ಕಾರ್ಡಿನದು ಎಂದು ಗೊತ್ತಾದರೆ, ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ದಾಟುತ್ತದೆ. ಆದರೆ ‘ವಸ್ತು ಬರಲೇ ಇಲ್ಲ’, ‘ಮುರಿದು ಬಂತು’ ಎಂಬ ತಕರಾರಿಗೆ ಈ ರಕ್ಷಣೆ ಇಲ್ಲ.

ಎರಡನೆಯದು, ದುಡ್ಡು ಬಂದ ಕ್ಷಣ ಮತ್ತು ಪೆಟ್ಟಿಗೆ ಹೊರಟ ಕ್ಷಣದ ನಡುವೆ ಸ್ವಲ್ಪ ಜಾಗ ಇಟ್ಟುಕೊಳ್ಳಿ. ತುಂಬಾ ಗೇಟ್‌ವೇಗಳಲ್ಲಿ ಮೊತ್ತವನ್ನು ಕಾರ್ಡಿನಲ್ಲಿ ತಡೆದಿಟ್ಟು, ನೀವು ಪರಿಶೀಲಿಸಿದ ಮೇಲೆ ವಸೂಲಿ ಮಾಡುವ ಆಯ್ಕೆ ಇರುತ್ತದೆ. ದುಬಾರಿ ಆರ್ಡರ್‌ಗಳಿಗಾದರೂ ಅದನ್ನು ಬಳಸಿ. ಆ ಹೊತ್ತಿನಲ್ಲಿ ಆರ್ಡರನ್ನು ಕಣ್ಣಿಟ್ಟು ನೋಡಿ. ಹೊಸ ಗ್ರಾಹಕರು, ಮೊದಲ ಸಲವೇ ಅತಿ ದುಬಾರಿ ವಸ್ತು, ಬಣ್ಣ ಅಳತೆ ಯಾವುದರ ಬಗ್ಗೆಯೂ ಒಂದು ಪ್ರಶ್ನೆ ಇಲ್ಲ, ಮೂರು ಕಾರ್ಡ್ ಫೇಲಾಗಿ ನಾಲ್ಕನೆಯದು ಪಾಸ್, ಆರ್ಡರ್ ಆದ ಮೇಲೆ ‘ವಿಳಾಸ ಬದಲಾಯಿಸಿ’ ಎಂಬ ಮೆಸೇಜ್. ಇವುಗಳಲ್ಲಿ ಒಂದು ಕಂಡರೆ ಗಾಬರಿ ಬೇಡ. ಮೂರು ಒಟ್ಟಿಗೆ ಕಂಡರೆ ಪೆಟ್ಟಿಗೆ ಕಟ್ಟಬೇಡಿ. ಕರೆ ಮಾಡಿ ಮಾತಾಡಿ. ಸಮಾಧಾನ ಆಗಲಿಲ್ಲವೋ, ದುಡ್ಡನ್ನು ಅದೇ ಕಾರ್ಡಿಗೆ ರೀಫಂಡ್ ಮಾಡಿಬಿಡಿ. ಕಮಿಷನ್ ಸ್ವಲ್ಪ ಹೋದರೂ ಚೀಲ ಮನೆಯಲ್ಲೇ ಇರುತ್ತದೆ.

ಹಾಗಂತ ಎಲ್ಲರನ್ನೂ ಅನುಮಾನದಿಂದ ನೋಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಉಡುಗೊರೆ ಕಳಿಸುವವರ ಬಿಲ್ಲಿಂಗ್ ವಿಳಾಸ ಒಂದಿದ್ದರೆ ಡೆಲಿವರಿ ವಿಳಾಸ ಇನ್ನೊಂದು ಇದ್ದೇ ಇರುತ್ತದೆ. ಕಟ್ಟುನಿಟ್ಟು ಜಾಸ್ತಿಯಾಗಿ ವಾಪಸ್ ಹೋದ ಒಳ್ಳೆಯ ಗ್ರಾಹಕರು ನಿಮಗೆ ದೂರು ಕೂಡ ಬರೆಯುವುದಿಲ್ಲ. ಆ ನಷ್ಟ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಸೈಟಿನ ದೇಣಿಗೆ ಪುಟದಲ್ಲಿ ರಾತ್ರಿ ಆರು ನೂರಕ್ಕೂ ಹೆಚ್ಚು ಪೇಮೆಂಟ್ ಪ್ರಯತ್ನಗಳಾಗಿವೆ. ಎಲ್ಲವೂ ಚಿಲ್ಲರೆ ಮೊತ್ತ. ಬಹುತೇಕ ಫೇಲ್, ಮೂವತ್ತರಷ್ಟು ಪಾಸ್. ದುಡ್ಡು ಬಂದಿದೆ, ಆದರೆ ಖುಷಿಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ.

ಉತ್ತರ: ಹೆದರಿ. ಆ ಮೂವತ್ತನ್ನು ಇವತ್ತೇ ರೀಫಂಡ್ ಮಾಡಿ, ಆಮೇಲೆ ಮುಂದೆ ಓದಿ.

ಇದಕ್ಕೆ ಕಾರ್ಡ್ ಟೆಸ್ಟಿಂಗ್ ಎನ್ನುತ್ತಾರೆ. ಕಳ್ಳರ ಕೈಯಲ್ಲಿ ನಂಬರುಗಳ ರಾಶಿ ಇರುತ್ತದೆ. ಯಾವುದಕ್ಕೆ ಇನ್ನೂ ಜೀವ ಇದೆ ಎಂದು ಗೊತ್ತಿರುವುದಿಲ್ಲ. ಅದಕ್ಕೆ ಚಿಕ್ಕ ಮೊತ್ತ ತೆಗೆದುಕೊಳ್ಳುವ, ಕಾವಲು ಕಡಿಮೆ ಇರುವ ಪುಟವೊಂದನ್ನು ಹುಡುಕಿ, ಪ್ರೋಗ್ರಾಂ ಒಂದರಿಂದ ಒಂದೊಂದನ್ನೇ ಒತ್ತಿಸಿ ನೋಡುತ್ತಾರೆ. ದೇಣಿಗೆ ಪುಟಗಳೆಂದರೆ ಅವರಿಗೆ ಬಲು ಪ್ರೀತಿ. ಮೊತ್ತ ನಾವೇ ತುಂಬಬಹುದು, ವಿಳಾಸ ಬೇಕಿಲ್ಲ.

ಕೆಲವೊಮ್ಮೆ ಕದಿಯುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ, ನಂಬರನ್ನು ಊಹಿಸುತ್ತಾರೆ. ಕಾರ್ಡಿನ ಮೊದಲ ಆರು ಅಥವಾ ಎಂಟು ಅಂಕಿಗಳು ಬ್ಯಾಂಕಿನ ಗುರುತು. ಕೊನೆಯ ಅಂಕಿ ಉಳಿದವುಗಳ ಮೇಲಿನ ಒಂದು ಲೆಕ್ಕ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಎಂಬುವರು ರೂಪಿಸಿದ ಸೂತ್ರ ಅದು, 1960ರಲ್ಲಿ ಪೇಟೆಂಟ್ ಸಿಕ್ಕಿತು. ನಂಬರ್ ಬರೆಯುವಾಗ ಕೈತಪ್ಪಿದರೆ ಹಿಡಿಯಲಿ ಎಂದು ಮಾಡಿದ್ದು. ಕಳ್ಳನನ್ನು ಹಿಡಿಯಲು ಮಾಡಿದ್ದಲ್ಲ. ಸೂತ್ರ ಎಲ್ಲರಿಗೂ ಗೊತ್ತಿರುವುದರಿಂದ ನೋಡಲು ಸರಿಯಾಗಿರುವ ನಂಬರುಗಳನ್ನು ಯಂತ್ರ ಪುಂಖಾನುಪುಂಖವಾಗಿ ಹುಟ್ಟಿಸಬಲ್ಲದು.

ಫೇಲಾದ ಪ್ರಯತ್ನಕ್ಕೂ ಕೆಲವು ಗೇಟ್‌ವೇಗಳು ಶುಲ್ಕ ಹಾಕುತ್ತವೆ, ಬಿಲ್ ನೋಡಿಕೊಳ್ಳಿ. ಪುಟಕ್ಕೆ ಕ್ಯಾಪ್ಚಾ ಹಾಕಿಸಿ, ಒತ್ತುತ್ತಿರುವುದು ಯಂತ್ರವಲ್ಲ, ಮನುಷ್ಯ ಎಂದು ಪರೀಕ್ಷಿಸುವ ಚಿಕ್ಕ ಒಗಟು ಅದು. ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಗಂಟೆಗೆ ಇಷ್ಟೇ ಪ್ರಯತ್ನ ಎಂದು ಮಿತಿ ಇಡಿ. ಕನಿಷ್ಠ ಮೊತ್ತವನ್ನು ಸ್ವಲ್ಪ ಏರಿಸಿ. ಸಿವಿವಿ ಕೇಳದೆ ಪೇಮೆಂಟ್ ಆಗುತ್ತಿದ್ದರೆ ಆ ಬಾಗಿಲನ್ನು ಮೊದಲು ಮುಚ್ಚಿ. ಅಂದ ಹಾಗೆ, ಆ ಮೂರು ಅಂಕಿಗಳನ್ನು (ಅಮೆರಿಕನ್ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು) ಪೇಮೆಂಟ್ ಆದ ಮೇಲೆ ಎಲ್ಲೂ ಬರೆದಿಟ್ಟುಕೊಳ್ಳುವ ಹಾಗಿಲ್ಲ. ಕಾರ್ಡ್ ಉದ್ಯಮದ ಭದ್ರತಾ ನಿಯಮ ಪಿಸಿಐ ಡಿಎಸ್‌ಎಸ್ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ನಿಮ್ಮ ಹಳೆಯ ಎಕ್ಸೆಲ್ ಫೈಲುಗಳನ್ನೂ ಒಮ್ಮೆ ತೆರೆದು ನೋಡಿ.

ಪ್ರಶ್ನೆ: ನನ್ನ ಹತ್ತಿರ ಮೂರು ಸಲ ಕೊಂಡ ಗ್ರಾಹಕರು ನಾಲ್ಕನೇ ಸಲ ‘ಈ ಖರ್ಚು ನಾನು ಮಾಡಿಲ್ಲ’ ಎಂದು ಬ್ಯಾಂಕಿಗೆ ದೂರು ಕೊಟ್ಟಿದ್ದಾರೆ. ವಸ್ತು ಅವರ ಮನೆಗೇ ಹೋಗಿದೆ. ಹೋರಾಡಲೋ, ಬಿಟ್ಟುಬಿಡಲೋ?

ಉತ್ತರ: ಮೊದಲು ಅವರಿಗೇ ಫೋನ್ ಮಾಡಿ. ಇಂಥ ದೂರುಗಳೆಲ್ಲ ಮೋಸವಲ್ಲ. ಬಿಲ್ಲಿನಲ್ಲಿ ನಿಮ್ಮ ಅಂಗಡಿಯ ಹೆಸರಿನ ಬದಲು ಯಾವುದೋ ಕಂಪನಿ ಹೆಸರು ಬಂದಿದ್ದರೆ ಯಾರಿಗೆ ತಾನೇ ನೆನಪಾಗುತ್ತದೆ? ಮಗ ಅಪ್ಪನ ಕಾರ್ಡ್ ಬಳಸಿರಬಹುದು. ಬಿಲ್ಲಿನಲ್ಲಿ ಕಾಣುವ ಹೆಸರನ್ನು ಗೇಟ್‌ವೇಗೆ ಹೇಳಿ ಸರಿಮಾಡಿಸುವುದು ಹತ್ತು ನಿಮಿಷದ ಕೆಲಸ. ಎಷ್ಟೋ ತಕರಾರು ಅಲ್ಲಿಗೇ ನಿಲ್ಲುತ್ತವೆ.

ಬೇಕೆಂದೇ ಮಾಡಿದ್ದು ಅನಿಸಿದರೆ ಹೋರಾಡಿ. ಇಲ್ಲಿ ನಿಮ್ಮ ಹಳೆಯ ಮೂರು ವ್ಯಾಪಾರ ನೆರವಿಗೆ ಬರಬಹುದು. ವೀಸಾ 2023ರ ಏಪ್ರಿಲ್‌ನಿಂದ ಒಂದು ನಿಯಮ ತಂದಿದೆ. ಅದೇ ಕಾರ್ಡಿನಿಂದ, 120 ದಿನಕ್ಕಿಂತ ಹಿಂದೆ ಮತ್ತು 365 ದಿನದ ಒಳಗೆ, ವಂಚನೆಯ ದೂರಿಲ್ಲದ ಎರಡು ಖರೀದಿ ತೋರಿಸಬೇಕು. ಐಪಿ ವಿಳಾಸ, ಸಾಧನದ ಗುರುತು, ಡೆಲಿವರಿ ವಿಳಾಸ, ಲಾಗಿನ್ ಇವುಗಳಲ್ಲಿ ಎರಡಾದರೂ ಈಗಿನದರ ಜೊತೆ ತಾಳೆಯಾಗಬೇಕು. ಅದರಲ್ಲಿ ಒಂದು ಐಪಿ ವಿಳಾಸ ಅಥವಾ ಸಾಧನದ ಗುರುತೇ ಆಗಿರಬೇಕು. ಹಾಗಿದ್ದರೆ ಹೊಣೆ ಬ್ಯಾಂಕಿಗೆ ಹೋಗುತ್ತದೆ. ಈ ವಿವರಗಳೆಲ್ಲ ನಿಮ್ಮ ಸೈಟಿನ ಲಾಗ್‌ನಲ್ಲಿ ಉಳಿದಿವೆಯೇ ಎಂದು ಇವತ್ತೇ ನೋಡಿ. ಕೆಲವು ಸೈಟುಗಳಲ್ಲಿ ತಿಂಗಳಿಗೊಮ್ಮೆ ತಾನಾಗಿ ಅಳಿಸಿಹೋಗುತ್ತವೆ. ಉತ್ತರ ಕೊಡುವ ಗಡುವು ಕೂಡ ಚಿಕ್ಕದು, ಗೇಟ್‌ವೇ ಮೇಲ್‌ನಲ್ಲಿ ತಾರೀಕು ಇರುತ್ತದೆ.

ಪ್ರಶ್ನೆ: ಒಬ್ಬರು ದೊಡ್ಡ ಆರ್ಡರ್ ಕೊಟ್ಟು, ಬೆಲೆಗಿಂತ ಜಾಸ್ತಿ ಮೊತ್ತ ಕಾರ್ಡಿನಲ್ಲಿ ಕಟ್ಟುತ್ತೇನೆ, ಉಳಿದದ್ದನ್ನು ನಮ್ಮ ಕೊರಿಯರ್‌ನವರ ಖಾತೆಗೆ ನೀವು ಹಾಕಿಬಿಡಿ ಎನ್ನುತ್ತಿದ್ದಾರೆ. ಆ ಕೊರಿಯರ್‌ನವರಿಗೆ ಕಾರ್ಡ್ ಮಷಿನ್ ಇಲ್ಲವಂತೆ. ಮಾಡಬಹುದೇ?

ಉತ್ತರ: ಬೇಡವೇ ಬೇಡ. ಕೊರಿಯರ್‌ನವನೂ ಅವನೇ, ಗ್ರಾಹಕನೂ ಅವನೇ. ಕಾರ್ಡ್ ಮಾತ್ರ ಬೇರೆ ಯಾರದೋ.