ಎರಡು ವರ್ಷದ ಮಗಳು ಎಲ್ಲದಕ್ಕೂ 'ಬೇಡ' ಅಂದರೆ

ಊಟ, ಸ್ನಾನ, ಚಪ್ಪಲಿ ಎಲ್ಲಕ್ಕೂ ಮಗಳು 'ಬೇಡ' ಅನ್ನುತ್ತಾಳೆ, ಇದು ಸಹಜವಾ ಅಂತ ಕೇಳಿದ್ದೀರಿ. ಸಹಜವೇ, ಗಾಬರಿ ಬೇಡ. 2 ವರ್ಷಕ್ಕೆ ತನ್ನ ಇಷ್ಟ ಏನು ಅಂತ ಗೊತ್ತಾಗುತ್ತದೆ, ಹೇಳೋಕೆ ಮಾತು ಸಾಲದು.

ನಮ್ಮದು ವಿರಾಜಪೇಟೆ ಹತ್ತಿರ ತೋಟದ ಮನೆ. ಜನವರಿಯಲ್ಲಿ ಕಣದ ತುಂಬಾ ಕಾಫಿ ಹರಡಿದ್ದ ದಿನ ನನ್ನ ಮಗ ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಬೇಡ ಅಂತ ಒಂದೇ ಸಮನೆ ಅತ್ತ, ಆಮೇಲೆ ತಟ್ಟೆ ಖಾಲಿಯಾಗಿದ್ದು ನೋಡಿ ನಾವೆಲ್ಲ ಖುಷಿಪಟ್ಟರೆ, ಅವನ ತಾತ ಗಮ್‌ಬೂಟಿಗೆ ಕಾಲು ತೂರಿಸಿದಾಗ ಮೆತ್ತಗೆ ಏನೋ ಸಿಕ್ಕಿತು. ಮೂರು ಕಡಂಬುಟ್ಟು! ಇವನು ಚಪ್ಪಾಳೆ ತಟ್ಟಿ 'ಬೂಟಿಗೆ ಹಸಿವು' ಅಂದ.

ಈಗ 'ತಿಂತೀಯಾ' ಅಂತ ಕೇಳೋದೇ ಇಲ್ಲ, 'ಒಂದಾ, ಎರಡಾ' ಅಂತ ಕೇಳುತ್ತೇನೆ. ಬೆರಳು ಎತ್ತಿ ತೋರಿಸಿ ತಿನ್ನುತ್ತಾನೆ. ಚಪ್ಪಲಿಗೂ ಹೀಗೇ ಮಾಡಿ ನೋಡಿ, ಕೆಂಪಾ, ನೀಲಿಯಾ ಅಂತ.