ಪಿಕ್‌ಗಾರ್ಡ್ ಮೇಲಿನ ಗೀರು: ಯಾವುದನ್ನು ಉಜ್ಜಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ನನ್ನ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್, ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಮಾದರಿಯದು. ಬಾಡಿ ಚೆನ್ನಾಗಿದೆ. ಆದರೆ ಕಪ್ಪು ಪಿಕ್‌ಗಾರ್ಡ್ (ಬಾಡಿಗೆ ಗೀರು ಬೀಳದಂತೆ ತಂತಿಗಳ ಕೆಳಗೆ ಹಾಕಿರುವ ತಟ್ಟೆ) ಮೇಲೆ ಬೆಳಕು ಬಿದ್ದರೆ ಸಾಕು, ಜೇಡರ ಬಲೆ ಹರಡಿದ ಹಾಗೆ ಸಣ್ಣ ಗೀರುಗಳು ಕಾಣುತ್ತವೆ. ಜಿ ತಂತಿಯ ಪಕ್ಕದಲ್ಲಿ ನಾಲ್ಕೈದು ಆಳವಾದ ಗೀರುಗಳೂ ಇವೆ. ಒಬ್ಬ ಗೆಳೆಯ ಟೂತ್‌ಪೇಸ್ಟ್ ಹಾಕಿ ಉಜ್ಜು ಅಂದ. ಇನ್ನೊಬ್ಬ ಲೈಟರ್ ಹಿಡಿ, ಪ್ಲಾಸ್ಟಿಕ್ ಕರಗಿ ತಾನೇ ಮುಚ್ಚಿಕೊಳ್ಳುತ್ತೆ ಅಂದ. ಯಾರ ಮಾತು ಕೇಳಲಿ?

ಉತ್ತರ: ಲೈಟರ್ ಗೆಳೆಯನನ್ನು ಗಿಟಾರ್ ಹತ್ತಿರ ಬಿಡಲೇಬೇಡಿ! ಈಗಿನ ಪಿಕ್‌ಗಾರ್ಡ್‌ಗಳು ಬಹುತೇಕ ಪಿವಿಸಿ, ಬೆಂಕಿ ತಾಗಿದರೆ ಗುಳ್ಳೆ ಏಳುತ್ತದೆ, ಡೊಂಕಾಗುತ್ತದೆ. ಹಳೆಯದಾಗಿದ್ದು ಸೆಲ್ಯುಲಾಯ್ಡ್ ಆಗಿದ್ದರೆ ಇನ್ನೂ ಕಷ್ಟ, ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಹೇರ್ ಡ್ರೈಯರ್ ಕೂಡ ಬೇಡ.

ಟೂತ್‌ಪೇಸ್ಟ್ ಗೆಳೆಯನ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅದಕ್ಕೂ ಮೊದಲು ಒಂದು ವಿಷಯ ನೋಡಿ. ಹೊಸ ಪಿಕ್‌ಗಾರ್ಡ್ ಮೇಲೆ ತೆಳುವಾದ ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ. ಎಷ್ಟೋ ಜನ ಅದನ್ನು ಕೀಳದೆ ವರ್ಷಗಟ್ಟಲೆ ನುಡಿಸುತ್ತಾರೆ, ಗೀರೆಲ್ಲ ಆ ಹಾಳೆಯ ಮೇಲೇ ಇರುತ್ತದೆ. ಸ್ಕ್ರೂ ಪಕ್ಕದಲ್ಲೋ ಅಂಚಿನಲ್ಲೋ ಉಗುರಿನಿಂದ ಮೆಲ್ಲಗೆ ಕೆದಕಿ ನೋಡಿ. ಸಿಪ್ಪೆ ಎದ್ದರೆ ನಿಮ್ಮ ಕೆಲಸ ಎರಡು ನಿಮಿಷದಲ್ಲಿ ಮುಗೀತು.

ಹಾಳೆ ಇಲ್ಲದಿದ್ದರೆ ಮೊದಲು ತೊಳೆಯಿರಿ, ಅಂದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಬೆರಳಿನ ಬೆವರು, ಜಿಡ್ಡು, ಧೂಳು ಸೇರಿ ಗೀರಿನ ಒಳಗೆ ಕೂತಿರುತ್ತದೆ. ಬಿಳಿ ಪಿಕ್‌ಗಾರ್ಡ್‌ನಲ್ಲಿ ಕಣ್ಣಿಗೆ ಹೊಡೆಯೋದು ಗೀರಿಗಿಂತ ಈ ಕೊಳೆಯೇ ಜಾಸ್ತಿ, ಎಷ್ಟೋ ಸಲ ತೊಳೆದರೇ ಸಾಕಾಗುತ್ತದೆ. ಕಪ್ಪು ಬಣ್ಣಕ್ಕೆ ಆ ಅದೃಷ್ಟ ಇಲ್ಲ. ಕೊಳೆ ಹೋದ ಮೇಲೆ ಗೀರು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಈಗ ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಜಾರಿ ಹೋದರೆ ಅದು ಮೇಲ್ಮೈಯ ಗೀರು, ಪಾಲಿಷ್‌ಗೆ ಹೋಗುತ್ತದೆ. ಉಗುರು ಟಕ್ ಅಂತ ಸಿಕ್ಕಿಕೊಂಡರೆ ಪಾಲಿಷ್‌ನಿಂದ ಅದು ಮಂಕಾಗಬಹುದು, ಮಾಯ ಆಗೋದಿಲ್ಲ. ನಿಮ್ಮ ಜೇಡರ ಬಲೆ ಮೊದಲನೇ ಜಾತಿ, ಜಿ ತಂತಿ ಪಕ್ಕದ್ದು ಎರಡನೆಯದು. ಹಳೇ ಮಾಲೀಕರು ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿಗೆ ಹೊಡೆದು, ಬೆರಳಲ್ಲಿ ಎಳೆದು ಬಿಡುವ ಶೈಲಿ) ನುಡಿಸುತ್ತಿದ್ದರೇನೋ. ತಂತಿಯನ್ನು ಕೆಳಗಿನಿಂದ ಎಳೆದು ಪಾಪ್ ಮಾಡುವಾಗ ಬೆರಳಿನ ಉಗುರು ಕೆರೆಯೋದು ಸರಿಯಾಗಿ ಅದೇ ಜಾಗಕ್ಕೆ.

ಪಾಲಿಷ್ ವಿಷಯಕ್ಕೆ ಬಂದರೆ, ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇರುವುದರಿಂದ ಕೂದಲೆಳೆಯಂಥ ಗೀರಿಗೆ ನಡೆಯುತ್ತದೆ. ಆದರೆ ಆ ಪುಡಿ ಎಷ್ಟು ನಯ ಅನ್ನೋದು ಒಂದೊಂದು ಪೇಸ್ಟ್‌ಗೆ ಒಂದೊಂದು ತರ. ನನ್ನ ಕೇಳಿದರೆ ಪ್ಲಾಸ್ಟಿಕ್‌ಗೆಂದೇ ಮಾಡಿದ ಪಾಲಿಷ್ ತರಿಸಿ, ಕಾರಿನ ಹೆಡ್‌ಲೈಟ್‌ಗೆ ಹಾಕುವಂಥದ್ದು ಆದೀತು. ನೋವಸ್ ಅನ್ನುವ ಕಂಪನಿಯದು ಮೂರು ನಂಬರಿನಲ್ಲಿ ಬರುತ್ತದೆ: 3 ದಪ್ಪ ಗೀರಿಗೆ, 2 ಸಣ್ಣ ಗೀರಿಗೆ, 1 ಕೊನೆಗೆ ಒರೆಸಿ ಹೊಳಪು ಕೊಡೋದಕ್ಕೆ. ನಿಮಗೆ 2ರಿಂದ ಶುರು ಮಾಡಿದರೆ ಸಾಕು. ಮೈಕ್ರೋಫೈಬರ್ ಬಟ್ಟೆಗೆ ಬಟಾಣಿ ಕಾಳಿನಷ್ಟು ಹಾಕಿ, ಅಂಗೈಯಗಲದ ಜಾಗ ತೆಗೆದುಕೊಂಡು, ಮೊದಲು ಸ್ವಲ್ಪ ಒತ್ತಿ, ಆಮೇಲೆ ಒತ್ತಡ ಬಿಡುತ್ತಾ ಉಜ್ಜಿ, ಒಣಗಿ ಬಿಳಿ ಮಬ್ಬು ಕಂಡಾಗ ಬೇರೆ ಬಟ್ಟೆಯಿಂದ ಒರೆಸಿ ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಬಟ್ಟೆ ಶುದ್ಧವಾಗಿರಲಿ. ಅದರಲ್ಲಿ ಒಂದು ಮರಳಿನ ಕಣ ಇದ್ದರೂ ಹೊಸ ಗೀರುಗಳನ್ನು ನೀವೇ ಹಾಕಿದ ಹಾಗೆ.

ಡ್ರಿಲ್‌ಗೆ ಪಾಲಿಷ್ ಚಕ್ರ ಹಾಕಿ ತಿರುಗಿಸುವವರೂ ಇದ್ದಾರೆ. ಬೇಡ. ಒಂದೇ ಕಡೆ ಸ್ವಲ್ಪ ಹೊತ್ತು ನಿಂತರೂ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಬಳಿದುಕೊಳ್ಳುತ್ತದೆ. ಥಿನ್ನರ್, ಅಸಿಟೋನ್ ಅಂತೂ ಹತ್ತಿರ ತರಬೇಡಿ, ಮೇಲ್ಮೈ ಅಂಟಂಟಾಗಿ ಹಾಳಾಗುತ್ತದೆ. ಡ್ಯಾಶ್‌ಬೋರ್ಡ್‌ಗೆ ಹೊಡೆಯುವ ಸಿಲಿಕಾನ್ ಸ್ಪ್ರೇಯಿಂದ ಗೀರು ಹೋದ ಹಾಗೆ ಕಾಣುತ್ತದೆ, ಅದು ಬರೀ ಕಣ್ಕಟ್ಟು. ನಾಲ್ಕು ಸಲ ಒರೆಸಿದರೆ ಗೀರು ವಾಪಸ್, ಮೇಲಿಂದ ಬೆರಳು ಬೇರೆ ಜಾರುತ್ತದೆ.

ಪ್ರಶ್ನೆ (ಅದೇ ಓದುಗರಿಂದ): ಆಳವಾದ ಗೀರಿಗೆ ಉಪ್ಪುಕಾಗದ ಹಾಕಬಹುದಾ? ಪಿಕ್‌ಗಾರ್ಡ್ ಬಿಚ್ಚಬೇಕಾ?

ಉತ್ತರ: ಹಾಕಬಹುದು, ಆದರೆ ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಮಾತ್ರ. ಒಣ ಕಾಗದ ಬೇಡ. ಮತ್ತೆ ಬಿಚ್ಚದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಯಾಕೆಂದರೆ ನೀರು ಪಿಕಪ್ (ತಂತಿಯ ಕಂಪನ ಹಿಡಿಯುವ ಆಯಸ್ಕಾಂತದ ಭಾಗ) ಮತ್ತು ಸ್ಕ್ರೂ ತೂತುಗಳಿಗೆ ಇಳಿಯುತ್ತದೆ. ಬರೀ ಪಾಲಿಷ್ ಆದರೆ ಬಿಚ್ಚದೆಯೂ ಆಗುತ್ತದೆ, ಸ್ಕ್ರೂ ತಲೆಗಳ ಸುತ್ತ ಒಣಗಿ ಕೂತ ಬಿಳಿ ಪುಡಿಯನ್ನು ಆಮೇಲೆ ಹಲ್ಲುಕಡ್ಡಿಯಲ್ಲಿ ಕೆದಕುವ ತಾಳ್ಮೆ ಇದ್ದರೆ.

ಬಿಚ್ಚೋದಕ್ಕೆ ತಂತಿಗಳನ್ನು ತೆಗೆಯಿರಿ. ಫೆಂಡರ್‌ನ ಇನ್ನೊಂದು ಮಾದರಿ ಜಾಸ್ ಬೇಸ್‌ನಲ್ಲಿ ವಾಲ್ಯೂಮ್, ಟೋನ್ ನಾಬ್‌ಗಳು ಬೇರೆ ಲೋಹದ ತಟ್ಟೆಯ ಮೇಲಿರುತ್ತವೆ, ಪಿಕ್‌ಗಾರ್ಡ್ ಸುಮ್ನೆ ಎದ್ದು ಬರುತ್ತದೆ. ಪ್ರಿಸಿಷನ್‌ನಲ್ಲಿ ಹಾಗಲ್ಲ. ಅಲ್ಲಿ ಪಾಟ್‌ಗಳೂ (ನಾಬ್ ತಿರುಗಿಸಿದಾಗ ಕೆಳಗೆ ತಿರುಗುವ ವಿದ್ಯುತ್ ಭಾಗ) ಕೇಬಲ್ ಚುಚ್ಚುವ ಜಾಕೂ ಪಿಕ್‌ಗಾರ್ಡ್‌ಗೇ ಕೂತಿರುತ್ತವೆ. ಜೋರಾಗಿ ಎತ್ತಿದರೆ ವೈರ್ ಕಿತ್ತು ಬರುತ್ತದೆ. ಬೆಸುಗೆ ಬಿಡಿಸೋದು ಬೇಕಿಲ್ಲ. ನಾಬ್ ತೆಗೆದು, ಕೆಳಗಿನ ನಟ್ ಬಿಚ್ಚಿ, ಪಾಟ್ ಮತ್ತು ಜಾಕನ್ನು ಒಳಕ್ಕೆ ತಳ್ಳಿದರೆ ಅವು ವೈರ್ ಸಮೇತ ಬಾಡಿಯ ಗುಳಿಯಲ್ಲೇ ಉಳಿದು ಪ್ಲಾಸ್ಟಿಕ್ ಮಾತ್ರ ಕೈಗೆ ಬರುತ್ತದೆ. ಪಾಟ್‌ಗಳು ಯಾವ ಕ್ರಮದಲ್ಲಿದ್ದವು ಅಂತ ಮೊದಲೇ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಕೆಲವು ಬೇಸ್‌ಗಳಲ್ಲಿ ಫ್ರೆಟ್‌ಬೋರ್ಡ್‌ನ (ನೆಕ್ ಮೇಲೆ ಬೆರಳು ಒತ್ತುವ ಪಟ್ಟಿ) ತುದಿ ಪಿಕ್‌ಗಾರ್ಡ್ ಮೇಲೆ ಚಾಚಿಕೊಂಡಿರುತ್ತದೆ, ಅಲ್ಲಿ ಬಗ್ಗಿಸಿ ಎಳೆದರೆ ಸೀಳುತ್ತದೆ. ಅಂಥದ್ದಕ್ಕೆ ನೆಕ್ ಸಡಿಲಿಸಬೇಕು.

ಉಜ್ಜುವ ಕ್ರಮ ಹೀಗೆ. ಕಾಗದದ ನಂಬರ್ ಹೆಚ್ಚಾದಷ್ಟೂ ಅದು ನಯ. ಮೊದಲು 2000 ನಂಬರಿನ ಕಾಗದದಲ್ಲಿ ಪ್ರಯತ್ನಿಸಿ, ಅದಕ್ಕೆ ಬಗ್ಗದಿದ್ದರೆ 1500ಕ್ಕೆ, ಅದೂ ಆಗದಿದ್ದರೆ 1000ಕ್ಕೆ ಇಳಿಯಿರಿ. ನೇರವಾಗಿ 400ಕ್ಕೆ ಹೋದರೆ ಆ ಕಾಗದದ ಗೀರುಗಳನ್ನು ತೆಗೆಯೋದೇ ದೊಡ್ಡ ಕೆಲಸ ಆಗುತ್ತದೆ. ಕಾಗದವನ್ನು ರಬ್ಬರಿಗೆ ಸುತ್ತಿ ಹಿಡಿಯಿರಿ. ಬರೀ ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ಕಪ್ಪು ಹೊಳಪಿನಲ್ಲಿ ಆ ಗುಳಿ ಗೀರಿಗಿಂತ ಕೆಟ್ಟದಾಗಿ ಕಾಣುತ್ತದೆ. 1000ದಲ್ಲಿ ಉದ್ದುದ್ದ ಉಜ್ಜಿದರೆ 1500ರಲ್ಲಿ ಅಡ್ಡಡ್ಡ, 2000ದಲ್ಲಿ ಮತ್ತೆ ಉದ್ದುದ್ದ. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ಕಾಗದದ ಗೆರೆಗಳು ಪೂರ್ತಿ ಹೋದವೋ ಇಲ್ಲವೋ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಕೊನೆಗೆ ಇಡೀ ಪಿಕ್‌ಗಾರ್ಡ್ ಹಾಲಿನ ಬಣ್ಣದ ಮಬ್ಬು ಹೊದ್ದುಕೊಂಡಿರುತ್ತದೆ, ಗಾಬರಿ ಬೇಡ. ಪಾಲಿಷ್‌ಗೆ ಆ ಮಬ್ಬು ಹೋಗುತ್ತದೆ.

ಪಿಕ್‌ಗಾರ್ಡ್ ಎಷ್ಟು ಪದರದ್ದು ಅಂತ ಮೊದಲೇ ಅಂಚಿನಲ್ಲಿ ನೋಡಿಕೊಳ್ಳಿ. ಕಪ್ಪು-ಬಿಳಿ-ಕಪ್ಪು ಮೂರು ಪದರ ಇದ್ದರೆ, ಎಲ್ಲ ಸೇರಿ ದಪ್ಪ ಸಾಮಾನ್ಯವಾಗಿ 2 ರಿಂದ 2.5 ಮಿಲಿಮೀಟರ್. ಮೇಲಿನ ಪದರ ಅದರಲ್ಲಿ ಒಂದು ಪಾಲು ಅಷ್ಟೇ. ಗೀರಿನ ತಳದಲ್ಲಿ ಬಿಳಿ ಕಾಣುತ್ತಿದ್ದರೆ ಕತೆ ಮುಗೀತು, ಅದನ್ನು ಉಜ್ಜಿ ತೆಗೆಯೋದು ಸಾಧ್ಯವಿಲ್ಲ. ಆಮೆ ಚಿಪ್ಪಿನ ವಿನ್ಯಾಸ, ಮುತ್ತಿನ ವಿನ್ಯಾಸದವುಗಳ ಮೇಲೂ ಉಪ್ಪುಕಾಗದ ಬೇಡ. ವಿನ್ಯಾಸ ಎಷ್ಟು ತೆಳುವಾಗಿ ಕೂತಿದೆ ಅಂತ ಹೊರಗಿನಿಂದ ಗೊತ್ತಾಗೋದಿಲ್ಲ. ನಾನಾಗಿದ್ದರೆ ಜೇಡರ ಬಲೆಯನ್ನು ಪಾಲಿಷ್‌ನಲ್ಲಿ ತೆಗೆದು, ಆ ನಾಲ್ಕೈದು ಆಳದ ಗೀರುಗಳನ್ನು ಹಾಗೇ ಬಿಡುತ್ತೇನೆ. ಸ್ಲ್ಯಾಪ್ ನುಡಿಸಿದ ಬೇಸ್‌ಗೆ ಅವು ಲಕ್ಷಣವೇ, ಅಲ್ವಾ?

ಪ್ರಶ್ನೆ: ನನ್ನ ಪಿಕ್‌ಗಾರ್ಡ್ ಮ್ಯಾಟ್ ಕಪ್ಪು. ಪಾಲಿಷ್ ಹಾಕಿದೆ, ಈಗ ಆ ಜಾಗ ಮಾತ್ರ ಮಿಂಚುತ್ತಿದೆ. ಹೊಳಪನ್ನು ತೆಗೆಯೋದು ಹೇಗೆ?

ಉತ್ತರ: ಮ್ಯಾಟ್ ಅಂದರೆ ಮೇಲ್ಮೈ ತುಂಬ ಒಂದೇ ಸಮನಾದ ಪುಟಾಣಿ ಒರಟು. ನೀವು ಅದನ್ನು ಒಂದು ಕಡೆ ನಯ ಮಾಡಿಬಿಟ್ಟಿದ್ದೀರಿ. ಈಗ ಇಡೀ ಪಿಕ್‌ಗಾರ್ಡ್ ಬಿಚ್ಚಿ, ತುಂಬ ನಯವಾದ ಬೂದು ಬಣ್ಣದ ಸ್ಕಾಚ್ ಬ್ರೈಟ್‌ನಿಂದ ಒಂದೇ ದಿಕ್ಕಿನಲ್ಲಿ, ಒಂದೇ ಒತ್ತಡದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಉಜ್ಜಿ. ಮಿಂಚುವ ಜಾಗವನ್ನಷ್ಟೇ ಉಜ್ಜಿದರೆ ಮತ್ತೊಂದು ಬಗೆಯ ಕಲೆ ಆಗುತ್ತದೆ. ಮೊದಲು ಹಿಂಬದಿಯಲ್ಲಿ ಸ್ವಲ್ಪ ನೋಡಿಕೊಳ್ಳಿ. ಸ್ಟೀಲ್ ವುಲ್ ಮಾತ್ರ ಬೇಡ, ಅದರ ಚೂರುಗಳು ಪಿಕಪ್‌ನ ಆಯಸ್ಕಾಂತಕ್ಕೆ ಅಂಟಿಕೊಂಡರೆ ಕೀಳೋದು ಯಾರಿಗೂ ಬೇಡದ ಕೆಲಸ.

ಪ್ರಶ್ನೆ: ಬಂಗಾರದ ಬಣ್ಣದ ಲೋಹದ ಪಿಕ್‌ಗಾರ್ಡ್‌ಗೂ ಇದೇ ಪಾಲಿಷ್ ನಡೆಯುತ್ತಾ?

ಉತ್ತರ: ಇಲ್ಲ. 1957ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್‌ನ ರೂಪ ಬದಲಿಸಿದಾಗ ಹಾಕಿದ್ದು ಇಂಥದ್ದೇ, ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ಬಂಗಾರದ ಬಣ್ಣ ಇರೋದು ಮೇಲಿನ ತೀರಾ ತೆಳುವಾದ ಪದರದಲ್ಲಿ ಮಾತ್ರ. ಉಜ್ಜಿದರೆ ಗೀರಿನ ಜೊತೆ ಬಣ್ಣವೂ ಹೋಗಿ ಬೆಳ್ಳಗಿನ ಲೋಹ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ನಿಜವಾಗಿಯೂ ಆ ಕಾಲದ್ದೇ ಆಗಿದ್ದರೆ ಗೀರಿನ ಸಮೇತವೇ ಅದಕ್ಕೆ ಬೆಲೆ, ಹೊಳಪು ಮಾಡಿಸಿದರೆ ಬೆಲೆ ಇಳಿಯುತ್ತದೆ.

ಪ್ರಶ್ನೆ: ಪಾಲಿಷ್ ಮಾಡಿ ಎಲ್ಲ ಜೋಡಿಸಿದ ಮೇಲೆ ಪಿಕ್‌ಗಾರ್ಡ್ ಮುಟ್ಟಿದರೆ ಆಂಪ್‌ನಲ್ಲಿ ಚರಚರ ಸದ್ದು ಬರುತ್ತಿದೆ. ವೈರ್ ಕೆಟ್ಟಿದೆಯಾ?

ಉತ್ತರ: ವೈರನ್ನು ಆಮೇಲೆ ನೋಡೋಣ. ಬೆರಳು ಪ್ಲಾಸ್ಟಿಕ್ ಮೇಲೆ ಆಡಿದಾಗ ಮಾತ್ರ ಸದ್ದು ಬಂದು, ನಾಬ್ ತಿರುಗಿಸಿದಾಗ ಬರದಿದ್ದರೆ ಅದು ಸ್ಟ್ಯಾಟಿಕ್ ವಿದ್ಯುತ್. ಒಣ ಬಟ್ಟೆಯಲ್ಲಿ ಅಷ್ಟು ಹೊತ್ತು ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಅದು ತುಂಬಿಕೊಳ್ಳುತ್ತದೆ. ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ, ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಮತ್ತೆ ಮತ್ತೆ ಬಂದರೆ ಹಿಂಬದಿಗೆ ಅಂಟಿಸಿದ ಲೋಹದ ಹಾಳೆ ನೋಡಿ. ಅದು ಪಾಟ್‌ನ ಲೋಹದ ಮೈಗೆ ತಾಗಿ ಗ್ರೌಂಡ್ ಆಗಬೇಕು. ಜೋಡಿಸುವಾಗ ಮಡಚಿಹೋಗಿದ್ದರೆ ಸರಿಮಾಡಿ, ಹಾಳೆ ಇಲ್ಲವೇ ಇಲ್ಲದಿದ್ದರೆ ತಾಮ್ರದ ಟೇಪ್ ಅಂಟಿಸಿ.

ಸ್ಕ್ರೂ ವಾಪಸ್ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ, ಕಟ್ ಅಂತ ಹಳೇ ಮರೆಯಲ್ಲಿ (ಸ್ಕ್ರೂ ಮರದಲ್ಲಿ ಕೊರೆದ ಸುರುಳಿ ಗೆರೆ) ಕೂತಾಗ ಬಿಗಿ ಮಾಡಿ. ಇಲ್ಲದಿದ್ದರೆ ಅದು ಮರದಲ್ಲಿ ಹೊಸ ಮರೆ ಕೊರೆದು ತೂತು ಸಡಿಲವಾಗುತ್ತದೆ. ಎಲ್ಲವನ್ನೂ ಅರ್ಧ ಕೂರಿಸಿ, ಆಮೇಲೆ ಒಂದೊಂದಾಗಿ ಮುಗಿಸಿ, ತಲೆ ಪ್ಲಾಸ್ಟಿಕ್‌ಗೆ ತಾಗಿದ ತಕ್ಷಣ ನಿಲ್ಲಿಸಿ. ಅದಕ್ಕಿಂತ ಬಿಗಿ ಮಾಡಿದರೆ ಸ್ಕ್ರೂ ಸುತ್ತಲೇ ಬಿರುಕು ಬಿಡುತ್ತದೆ, ಅದಕ್ಕೆ ಯಾವ ಪಾಲಿಷೂ ಇಲ್ಲ.